ಸಾವಿರ ಕೆವಿ ಕೇಳಿದೆ, 2200 ಕೊಟ್ಟರು: ಮೊದಲ ವಿಮಾನಕ್ಕೆ ಮೋಟರ್ ತಗೊಳ್ಳುವವರು ದಯವಿಟ್ಟು ಓದಿ

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ನಾನು ಮೋಸ ಹೋದೆ. ಒಂದು ಸಲ ಹೋಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಎರಡು ಸಲ ಮೋಸ ಹೋದೆ. ಅದೇ ಅಂಗಡಿ, ಅದೇ ಮನುಷ್ಯ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ನಮ್ಮ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ತುಮಕೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದು ಓದುತ್ತಾಳೆ. ಬೇಸಿಗೆ ರಜೆಯಲ್ಲಿ ಇಬ್ಬರೂ ಸೇರಿ ಹಾರುವ ಒಂದು ಮಾದರಿ ವಿಮಾನ ಕಟ್ಟಿದೆವು. ಫೋಮ್ ಶೀಟು, ಬಿದಿರಿನ ಕಡ್ಡಿ, ಗ್ಲೂ ಗನ್. ರೆಕ್ಕೆ ಒಂದು ಮೀಟರ್. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದೇ ತುಂಡು ತೂಗಿ, ಬ್ಯಾಟರಿ ಸೇರಿದರೆ 800 ಗ್ರಾಂ ಆಗುತ್ತದೆ ಅಂತ ಲೆಕ್ಕ ಹಾಕಿದ್ದಳು. ಏನೇನು ತರಬೇಕು ಅಂತ ಚೀಟಿ ಬರೆದವಳೂ ಅವಳೇ. 2212 ಬ್ರಷ್‌ಲೆಸ್ ಮೋಟರ್, 1000 ಕೆವಿ (ಕೆವಿ ಅಂದರೇನು ಅಂತ ಆಮೇಲೆ ಹೇಳುತ್ತೇನೆ). 30 ಆಂಪಿಯರ್ ಇಎಸ್‌ಸಿ, ಅಂದರೆ ಬ್ಯಾಟರಿಗೂ ಮೋಟರಿಗೂ ನಡುವೆ ಕೂತು ಮೋಟರಿನ ವೇಗ ಹಿಡಿತದಲ್ಲಿಡುವ ಸಣ್ಣ ಬೋರ್ಡು. 3 ಸೆಲ್ಲಿನ 2200 ಎಂಎಎಚ್ ಲೈಪೋ ಬ್ಯಾಟರಿ. 10×4.5 ಪ್ರೊಪೆಲ್ಲರ್, ಅಂದರೆ ಹತ್ತು ಇಂಚಿನದ್ದು.

ಚೀಟಿ ಸರಿಯಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗಿ ಬರೆದದ್ದು ಸರಿಯಾಗಿಯೇ ಇತ್ತು.

ಶನಿವಾರ ಬೆಳಗಿನ ರೈಲಿಗೆ ಹೋದೆ. ಅಂಗಡಿಯವರು ಮೊದಲು ಎರಡು ವೈರಿನ ಬ್ರಷ್ ಮೋಟರ್ ತೆಗೆದಿಟ್ಟರು. "ಕಲಿಯೋರಿಗೆ ಇದು ಸಾಕು ಸಾರ್, ಕಮ್ಮಿ ರೇಟು" ಅಂದರು. ಅದು 540, ಆಟದ ಕಾರಿಗೆ ಹಾಕುವ ಮೋಟರ್. ಭಾರ ಜಾಸ್ತಿ, ಒಳಗಿನ ಬ್ರಷ್ ಸವೆಯುತ್ತದೆ, ಗೇರ್ ಇಲ್ಲದೆ ದೊಡ್ಡ ಪ್ರೊಪೆಲ್ಲರ್ ತಿರುಗಿಸಲು ಅದಕ್ಕೆ ಆಗುವುದಿಲ್ಲ. ಅಷ್ಟು ನನಗೆ ಗೊತ್ತಿತ್ತು. ಬೇಡ, ಮೂರು ವೈರಿನದು, ಹೊರಗಿನ ಡಬ್ಬಿಯೇ ತಿರುಗುತ್ತದಲ್ಲ, ಆ ಔಟ್‌ರನ್ನರ್ ಕೊಡಿ ಅಂದೆ.

"ಓಹೋ, ಸಾರಿಗೆ ಎಲ್ಲಾ ಗೊತ್ತಿದೆ" ಅಂದರು.

ಆ ಒಂದು ಮಾತಿಗೆ ನಾನು ಉಬ್ಬಿಹೋದೆ. ಮೋಸ ಶುರುವಾದದ್ದೇ ಅಲ್ಲಿ. ಆಮೇಲೆ ಅವರು ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಿದೆ. ಗೊತ್ತಿದೆ ಅಂದವನು ಮತ್ತೆ ಹೇಗೆ ಕೇಳಲಿ?

"ಸಾವಿರ ಕೆವಿ ಖಾಲಿ ಸಾರ್. ಇದು ಅದೇ 2212, ಅದೇ ಸೈಜು. ಆದರೆ 2200 ಕೆವಿ. ಎರಡು ಪಟ್ಟು ಪವರ್, ರೇಟು ಒಂದೇ. ಕಲಿಯೋರಿಗೆ ಪವರ್ ಜಾಸ್ತಿ ಇದ್ರೆ ಒಳ್ಳೇದಲ್ವಾ?"

ಅಲ್ವಾ ಅಂತ ನನ್ನನ್ನೇ ಕೇಳಿದರು. ಹೌದು ಅಂದೆ. ಮೋಟರಿಗೆ 550, ಇಎಸ್‌ಸಿಗೆ 600, ಬ್ಯಾಟರಿಗೆ 1,900, ಪ್ರೊಪೆಲ್ಲರ್ ಜೋಡಿಗೆ 80. ಎಲ್ಲ ಒಂದೇ ಬಿಲ್ಲು. ಆ ಹತ್ತು ಇಂಚಿನ ಪ್ರೊಪೆಲ್ಲರನ್ನು ಅವರೇ ಕೈಯಾರೆ ತೆಗೆದು ಅದೇ ಕವರಿಗೆ ಹಾಕಿದರು. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗರು ನಿಂತಿದ್ದರು. ಅವರಿಗೂ ಇದೇ ಮಾತು, ಇದೇ ಮೋಟರ್, ಇದೇ ಪ್ರೊಪೆಲ್ಲರ್.

ಭಾನುವಾರ ಜಗಲಿಯಲ್ಲಿ ವಿಮಾನವನ್ನು ಸ್ಟೂಲಿಗೆ ಬಿಗಿಯಾಗಿ ಕಟ್ಟಿ ಮೋಟರ್ ಓಡಿಸಿದೆವು. ವೈರುಗಳನ್ನು ಸೋಲ್ಡರ್ ಮಾಡಿದ್ದು ಹುಡುಗಿ. ಥ್ರಾಟಲ್ ಅರ್ಧಕ್ಕೂ ಬಂದಿರಲಿಲ್ಲ, ಕಿವಿ ಸೀಳುವಂಥ ಸದ್ದು. ಸ್ಟೂಲೇ ಅಲುಗಿತು. ಟಪ್ ಅಂತ ಶಬ್ದ, ಇಎಸ್‌ಸಿಯಿಂದ ಹೊಗೆ, ಸುಟ್ಟ ಪ್ಲಾಸ್ಟಿಕ್ಕಿನ ನಾತ. ಅವಳು ಎರಡು ಅಡಿ ದೂರದಲ್ಲಿದ್ದಳು. ಈಗ ನೆನೆಸಿಕೊಂಡರೆ ಕೈ ನಡುಗುತ್ತದೆ.

"ಮಾಮ, ನಾನು ವೈರು ತಪ್ಪಾಗಿ ಕೂಡಿಸಿದ್ನಾ?" ಅಂತ ಕೇಳಿದಳು.

"ಇರಬೇಕು" ಅಂದೆ.

ಇದಕ್ಕೆ ನನಗೆ ಕ್ಷಮೆ ಇಲ್ಲ. ಬ್ರಷ್‌ಲೆಸ್ ಮೋಟರಿನ ಮೂರು ವೈರನ್ನು ಯಾವುದಕ್ಕೆ ಯಾವುದನ್ನು ಕೂಡಿಸಿದರೂ ಸುಡುವುದಿಲ್ಲ. ಎರಡು ಅದಲುಬದಲಾದರೆ ತಿರುಗುವ ದಿಕ್ಕು ಬದಲಾಗುತ್ತದೆ, ಅಷ್ಟೇ. ನನಗೆ ಅದೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಗುವಿನ ಮೇಲೆ ಹಾಕಿದೆ.

ಅಂಗಡಿಗೆ ಫೋನ್ ಮಾಡಿದೆ. "30 ಆಂಪಿಯರ್ ಸಾಲದಾಯ್ತು ಸಾರ್. ಪವರ್‌ಫುಲ್ ಮೋಟರ್ ಅಲ್ವಾ? 40ರದ್ದು ಹಾಕಿ, ಕೊರಿಯರ್ ಮಾಡ್ತೀನಿ" ಅಂದರು. ಮತ್ತೆ 950 ರೂಪಾಯಿ ಕಳಿಸಿದೆ. 30 ಕೊಟ್ಟವರು ಯಾರು ಅಂತ ಕೇಳಲೇ ಇಲ್ಲ. ಸುಮ್ನೆ ಕಳಿಸಿದೆ.

ಬುಧವಾರ ಬಂತು. ಸಂಜೆ ಮತ್ತೆ ಓಡಿಸಿದೆವು. ಈ ಸಲ ಅವಳನ್ನು ಬಾಗಿಲ ಒಳಗೆ ನಿಲ್ಲಿಸಿದೆ, ಅಷ್ಟಾದರೂ ಬುದ್ಧಿ ಬಂದಿತ್ತು. ಇಪ್ಪತ್ತು ಸೆಕೆಂಡ್ ಓಡಿರಬಹುದು. ಮೋಟರಿನ ಒಳಗಿಂದಲೇ ಹೊಗೆ ಬಂತು. ತಾಮ್ರದ ತಂತಿಯ ವಾರ್ನಿಷ್ ಕಪ್ಪಾಗಿತ್ತು. ಬ್ಯಾಟರಿ ಪೂರಿ ಹಾಗೆ ಊದಿಕೊಂಡಿತ್ತು. ಅದನ್ನು ಮರಳಿನ ಬಕೆಟ್ಟಿಗೆ ಹಾಕಿ ಹಿತ್ತಲಿನ ಮೂಲೆಯಲ್ಲಿಟ್ಟು ರಾತ್ರಿಯೆಲ್ಲ ಕಾಯುತ್ತಾ ಕೂತೆ. ಊದಿದ ಲೈಪೋ ಯಾವಾಗ ಹೊತ್ತಿಕೊಳ್ಳುತ್ತದೋ ಹೇಳಲಾಗುವುದಿಲ್ಲ.

ನಮ್ಮ ಆಫೀಸಿನಲ್ಲಿ ಒಬ್ಬರು ಹುಡುಗರಾಗಿದ್ದಾಗ ಎನ್‌ಸಿಸಿ ಏರ್ ವಿಂಗ್‌ನಲ್ಲಿ ಏರೋಮಾಡೆಲಿಂಗ್ ಕಲಿತವರು. ಮಾರನೇ ದಿನ ಮೋಟರ್ ತಗೊಂಡು ಹೋಗಿ ತೋರಿಸಿದೆ. ತಿರುಗಿಸಿ ನೋಡಿದರು. "ಇದು 6ಟಿ ಕಣ್ರೀ. ಇದಕ್ಕೆ ಹತ್ತು ಇಂಚು ಕೊಟ್ಟವರು ಯಾರು?" ಅಂದರು.

ಕೆವಿ ಅಂದರೆ ಪವರ್ ಅಲ್ಲವೇ ಅಲ್ಲ. ಕಿಲೋವೋಲ್ಟೂ ಅಲ್ಲ. ಒಂದು ವೋಲ್ಟಿಗೆ ಮೋಟರ್ ಖಾಲಿ ಓಡಿದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ. 3 ಸೆಲ್ ಬ್ಯಾಟರಿ 11.1 ವೋಲ್ಟ್. 1000 ಕೆವಿ ಆದರೆ 11 ಸಾವಿರ ಸುತ್ತು. 2200 ಕೆವಿ ಆದರೆ 24 ಸಾವಿರ ದಾಟುತ್ತದೆ. ಇದೇ 2212 ಮೋಟರಿನಲ್ಲಿ 13 ಸುತ್ತು ತಂತಿ ಸುತ್ತಿದ್ದು 1000 ಕೆವಿ, 6 ಸುತ್ತಿನದ್ದು, ಅಂದರೆ ಅವರು ಹೇಳಿದ 6ಟಿ, 2200. ಕೆವಿ ಜಾಸ್ತಿಯಾದಷ್ಟೂ ಒಂದು ಆಂಪಿಯರಿಗೆ ಸಿಗುವ ತಿರುಚು ಬಲ ಕಮ್ಮಿ. ಅದಕ್ಕೆ ದೊಡ್ಡ ಪ್ರೊಪೆಲ್ಲರ್ ಹಾಕಿದರೆ ಟಾಪ್ ಗೇರಿನಲ್ಲಿ ಚಾರ್ಮಾಡಿ ಘಾಟಿ ಹತ್ತಿಸಿದ ಹಾಗೆ. ಹತ್ತಲಾಗದೆ ಕರೆಂಟು ಎಳೆಯುತ್ತದೆ, ಎಳೆದು ಎಳೆದು ಸುಡುತ್ತದೆ. 2200 ಕೆವಿ ಕೆಟ್ಟ ಮೋಟರ್ ಅಂತಲ್ಲ. ಆರು ಇಂಚಿನ ಪ್ರೊಪೆಲ್ಲರ್ ಹಾಕಿ ಸಣ್ಣ, ವೇಗದ ವಿಮಾನ ಹಾರಿಸುವವರಿಗೆ ಅದು ಸರಿ. ಕಲಿಯುವವರ ವಿಮಾನ ನಿಧಾನಕ್ಕೆ ಹೋಗಬೇಕಲ್ವಾ? ನಿಧಾನಕ್ಕೆ ತಿರುಗುವ ದೊಡ್ಡ ಪ್ರೊಪೆಲ್ಲರೇ ಅದಕ್ಕೆ ಬೇಕಾದ್ದು. ಚೀಟಿಯಲ್ಲಿ ಅವಳು ಅದನ್ನೇ ಬರೆದಿದ್ದಳು.

ಇಷ್ಟು ತಿಳಿದ ಮೇಲೆ ಫೋನ್ ಮಾಡಿದೆ. ಆ ಮಾತುಗಳು ಇನ್ನೂ ಕಿವಿಯಲ್ಲಿವೆ.

"ಅಷ್ಟು ದೊಡ್ಡ ಪ್ರೊಪೆಲ್ಲರ್ ಯಾರು ಹಾಕೋಕೆ ಹೇಳಿದ್ದು ಸಾರ್?"

"ನೀವೇ ಕೊಟ್ಟಿದ್ದಲ್ವಾ? ಒಂದೇ ಬಿಲ್ಲಲ್ಲಿದೆ."

"ನೀವು ಕೇಳಿದ್ರಿ, ಕೊಟ್ವಿ."

"ನಾನು ಸಾವಿರ ಕೆವಿನೂ ಕೇಳಿದ್ದೆ. ಅದು ಕೊಡಲಿಲ್ಲವಲ್ಲ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಸುಟ್ಟ ಸಾಮಾನು ವಾಪಸ್ ಇಲ್ಲ ಸಾರ್, ಬಿಲ್ ಹಿಂದೆ ಬರೆದಿದೆ ನೋಡಿ" ಅಂದರು. ಬಿಲ್ ತಿರುಗಿಸಿ ನೋಡಿದೆ. ಬರೆದಿತ್ತು. ಕೊನೆಗೆ ಒಂದು ಮಾತು ಹೇಳಿದರು: "ಹೊಸಬರು ಹೀಗೇ ಸಾರ್. ಒಂದೆರಡು ಸುಟ್ಟುಕೊಂಡೇ ಕಲಿಯೋದು." ಫೋನ್ ಇಟ್ಟರು.

ಸುಟ್ಟದ್ದು ಯಾರ ದುಡ್ಡು? ಒಟ್ಟು 4,080 ರೂಪಾಯಿ. ಉಳಿದದ್ದು ಪ್ರೊಪೆಲ್ಲರ್ ಮತ್ತು ಆ 40ರ ಇಎಸ್‌ಸಿ. ದುಡ್ಡಿಗಿಂತ ಆ "ಹೊಸಬರು" ಅನ್ನುವ ಮಾತು ಜಾಸ್ತಿ ಚುಚ್ಚಿತು. ಹೊಸಬ ಅಂತ ಗೊತ್ತಿದ್ದೇ ಕೊಟ್ಟರು ಅಂತಾಯಿತಲ್ಲ.

ಬೇರೆ ಕಡೆಯಿಂದ 1000 ಕೆವಿ ಮೋಟರ್ ಮತ್ತು ಬ್ಯಾಟರಿ ತರಿಸಿದೆವು. ಆಫೀಸಿನವರು ತಮ್ಮ ವ್ಯಾಟ್‌ಮೀಟರ್ ತಂದು ಹಾಕಿ ನೋಡಿದರು. ಅದೇ ಹತ್ತು ಇಂಚಿನ ಪ್ರೊಪೆಲ್ಲರ್, ಪೂರ್ತಿ ಥ್ರಾಟಲ್, 13 ಆಂಪಿಯರ್, 140 ವ್ಯಾಟ್ ಆಸುಪಾಸು. ಕಲಿಯುವ ವಿಮಾನಕ್ಕೆ ಕೆಜಿಗೆ 150ರಿಂದ 200 ವ್ಯಾಟ್ ಇದ್ದರೆ ಸಾಕಂತೆ. ನಮ್ಮ 800 ಗ್ರಾಂಗೆ ಅದು ಬೇಕಾದಷ್ಟಾಯಿತು. ಮೋಟರ್ ಮುಟ್ಟಿದರೆ ಬೆಚ್ಚಗಿತ್ತು, ಅಷ್ಟೇ.

ನೀವು ತಗೊಳ್ಳುವಾಗ ಮೋಟರನ್ನು ಕೈಯಲ್ಲಿ ಹಿಡಿದು ಅದರ ಮೇಲಿರುವ ಅಂಕಿ ಓದಿ. ಬರೆದುಕೊಂಡು ಹೋದದ್ದು ಇಲ್ಲದಿದ್ದರೆ ಬರಿಗೈಲಿ ವಾಪಸ್ ಬನ್ನಿ. "ಅದೇ ಸೈಜು" ಅನ್ನುವ ಮಾತಿಗೆ ದುಡ್ಡು ತೆಗೆಯಬೇಡಿ. ಇಎಸ್‌ಸಿ ಸುಟ್ಟರೆ ದೊಡ್ಡದು ತರುವ ಮೊದಲು ಯಾಕೆ ಸುಟ್ಟಿತು ಅಂತ ಅಂಗಡಿಯವರನ್ನು ಬಿಟ್ಟು ಬೇರೆಯವರನ್ನು ಕೇಳಿ.

ಹುಡುಗಿಗೆ ತಪ್ಪು ನಿನ್ನದಲ್ಲ, ನನ್ನದು ಅಂತ ಹೇಳಿದೆ. "ಗೊತ್ತು ಮಾಮ, ಆವತ್ತೇ ಪುಸ್ತಕ ನೋಡಿದ್ದೆ" ಅಂದಳು. ನಾಲ್ಕು ದಿನ ಗೊತ್ತಿದ್ದೂ ನನಗೆ ಬೇಜಾರಾಗುತ್ತದೆ ಅಂತ ಸುಮ್ಮನಿದ್ದಳು.

ಆ ದಿನ ನನ್ನ ಪಕ್ಕ ನಿಂತಿದ್ದ ಇಬ್ಬರು ಹುಡುಗರು ಹಾಸ್ಟೆಲ್ ರೂಮಿನಲ್ಲೇ ಓಡಿಸಿ ನೋಡೋಣ ಅಂತ ಮಾತಾಡಿಕೊಳ್ಳುತ್ತಿದ್ದರು. ತಮ್ಮಂದಿರೇ, ಇದು ನಿಮ್ಮ ಕಣ್ಣಿಗೆ ಬಿದ್ದರೆ ಮೊದಲು ಆ ಪ್ರೊಪೆಲ್ಲರ್ ಬಿಚ್ಚಿಡಿ. ಮೋಟರಿನ ಮೇಲೆ 6ಟಿ ಅಂತ ಇದೆಯಾ ನೋಡಿ. ಇದ್ದರೆ ಬ್ಯಾಟರಿ ಕೂಡಿಸಬೇಡಿ.