ಗುಡ್ಡದ ಜಾಗಕ್ಕೆ ಲಾನ್ ಮಾಡಿಸುವ ಮುನ್ನ: ಮೊದಲ ಮಳೆಗಾಲಕ್ಕೇ ಜಾರಿಹೋದ ಒಂದು ತಡೆಗೋಡೆ

ಮಡಿಕೇರಿ ತಾಲ್ಲೂಕಿನಲ್ಲಿ ಹೋಂಸ್ಟೇಗೆಂದು ಕೊಂಡ 30 ಸೆಂಟ್ಸ್ ಇಳಿಜಾರು ಜಾಗ. ಬೇಸಿಗೆಯಲ್ಲಿ ಜೆಸಿಬಿ ಬಿಟ್ಟು ಮೆಟ್ಟಿಲಿನಂತೆ ಮೂರು ತಟ್ಟು ಮಾಡಿದರು. ಕೆಳಗಿನ ಅಂಚಿಗೆ 10 ಅಡಿ ಎತ್ತರಕ್ಕೆ ಸೈಜ್ ಕಲ್ಲಿನ ಗೋಡೆ ಕಟ್ಟಿ, ಮೇಲೆ ಮೆಕ್ಸಿಕನ್ ಹುಲ್ಲು ಹಾಸಿದರು. ಮೇ ತಿಂಗಳಲ್ಲಿ ತೆಗೆದ ಫೋಟೊ ಚೆನ್ನಾಗಿಯೇ ಇದೆ. ಜುಲೈನಲ್ಲಿ ಗೋಡೆ, ಲಾನು, ಹಿಂದಿನ ಮಣ್ಣು ಎಲ್ಲವೂ ಕೆಳಗಿನವರ ಕಾಫಿ ತೋಟದಲ್ಲಿತ್ತು. 'ಈ ವರ್ಷ ಮಳೆ ಜಾಸ್ತಿ ಆಯ್ತಲ್ಲ ಸಾರ್' ಎಂದು ಗುತ್ತಿಗೆದಾರ ಕೈತೊಳೆದುಕೊಂಡ. ಕೊಡಗಿನಲ್ಲಿ ಮಳೆ ಜಾಸ್ತಿ ಎನ್ನುವುದು ಕೊಟೇಶನ್ ಬರೆಯುವಾಗ ಗೊತ್ತಿರಲಿಲ್ಲವೇ?

ಬಿದ್ದ ಗೋಡೆಯನ್ನು ನೋಡಿದರೆ ಸಾಕು, ಎಲ್ಲವೂ ಬಯಲಿಗೆ ಬರುತ್ತದೆ. ಮೇಲೆ ಕಡಿದ ಮಣ್ಣನ್ನೇ ಕೆಳಗೆ ತಳ್ಳಿ, ಆ ತುಂಬು ಮಣ್ಣಿನಲ್ಲೇ ಒಂದೂವರೆ ಅಡಿ ಪಾಯ ತೆಗೆದಿದ್ದರು. ಗಟ್ಟಿ ನೆಲ ಇನ್ನೂ ನಾಲ್ಕಡಿ ಕೆಳಗಿತ್ತು. ಹಳೆಯ ನೆಲದ ಹುಲ್ಲು, ತರಗೆಲೆಗಳನ್ನು ಕೆರೆದೂ ಇರಲಿಲ್ಲ. ಅವು ಮಣ್ಣಿನಡಿ ಕೊಳೆತು ಜಾರುವ ಪದರವಾಗುತ್ತವೆ. ಇಳಿಜಾರಿನಲ್ಲಿ ಮಣ್ಣು ತುಂಬಲೇಬೇಕೆಂದರೆ ಮೊದಲು ಮೇಲ್ಪದರ ತೆಗೆದು, ಗಟ್ಟಿ ನೆಲಕ್ಕೆ ಮೆಟ್ಟಿಲು ಕಡಿದು, ಮುಕ್ಕಾಲು ಅಡಿಗೊಂದು ಪದರದಂತೆ ಹಾಕಿ ಪ್ರತಿ ಪದರವನ್ನೂ ಕಂಪ್ಯಾಕ್ಟರ್‌ನಿಂದ ದಮ್ಮಸು ಮಾಡಬೇಕು. ಜೆಸಿಬಿಯ ಬಕೆಟ್‌ನಿಂದ ಎರಡೇಟು ತಟ್ಟಿದರೆ ಅದು ದಮ್ಮಸಲ್ಲ. ಗೋಡೆಯ ದಪ್ಪವೂ ಬುಡದಿಂದ ತುದಿಯವರೆಗೆ ಒಂದೂವರೆ ಅಡಿಯೇ. ತನ್ನ ತೂಕದಿಂದಲೇ ನಿಲ್ಲಬೇಕಾದ 10 ಅಡಿಯ ಕಲ್ಲುಗೋಡೆಗೆ ಬುಡ ಕನಿಷ್ಠ 5 ಅಡಿ ಬೇಕು, ತುದಿಗೆ 2 ಅಡಿ ಸಾಕು.

ಇಷ್ಟಾದರೂ ನೀರಿಗೆ ದಾರಿಯಿದ್ದಿದ್ದರೆ ಗೋಡೆ ಕೆಲವು ವರ್ಷವಾದರೂ ತಡೆಯುತ್ತಿತ್ತೇನೋ. ಒಂದೇ ದಿನ 100 ಮಿ.ಮೀ. ಮಳೆ ಸುರಿದರೆ 30 ಸೆಂಟ್ಸ್ ಮೇಲೆ ಬೀಳುವ ನೀರು 1.2 ಲಕ್ಷ ಲೀಟರ್. ಮೇಲಿನ ಗುಡ್ಡದಿಂದ ಹರಿದು ಬರುವುದು ಬೇರೆ. ಗೋಡೆಯ ಹಿಂದೆ 10 ಅಡಿ ನೀರು ನಿಂತರೆ, ಮಣ್ಣಿನ ಒತ್ತಡ ಬಿಟ್ಟು ನೀರೊಂದೇ ಪ್ರತಿ ಮೀಟರ್ ಉದ್ದಕ್ಕೆ ನಾಲ್ಕೂವರೆ ಟನ್‌ಗೂ ಹೆಚ್ಚು ಬಲದಿಂದ ತಳ್ಳುತ್ತದೆ. ಇಲ್ಲಿ 60 ಅಡಿ ಉದ್ದದ ಗೋಡೆಗೆ ಇಟ್ಟಿದ್ದು ಎರಡಿಂಚಿನ ಆರು ಪೈಪು. ಹಿಂದೆ ಜಲ್ಲಿಯೇ ಇಲ್ಲದೆ ಕೆಂಪು ಮಣ್ಣು ನೇರವಾಗಿ ಪೈಪಿನ ಬಾಯಿಗೆ ತಾಗಿತ್ತು. ಜೂನ್ ಮುಗಿಯುವುದರೊಳಗೆ ಆರೂ ಕಟ್ಟಿಕೊಂಡಿದ್ದವು.

ಸರಿಯಾದ ಕೆಲಸವೆಂದರೆ ನಾಲ್ಕಿಂಚಿನ ಪೈಪು, ಅಡ್ಡಕ್ಕೂ ಎತ್ತರಕ್ಕೂ ಐದೈದು ಅಡಿಗೊಂದು, ಹೊರಗೆ ಸ್ವಲ್ಪ ವಾಲಿಸಿ. ಗೋಡೆಯ ಹಿಂದೆ ಪೂರ್ತಿ ಎತ್ತರಕ್ಕೆ ಒಂದಡಿ ಅಗಲ 40 ಎಂ.ಎಂ. ಜಲ್ಲಿ. ಜಲ್ಲಿಗೂ ಮಣ್ಣಿಗೂ ನಡುವೆ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ತಳದಲ್ಲಿ ನಾಲ್ಕಿಂಚಿನ ತೂತಿನ ಪೈಪು ಮಲಗಿಸಿ ನೂರಡಿಗೆ ಒಂದಡಿ ಇಳಿಜಾರು ಕೊಟ್ಟು ಪಕ್ಕಕ್ಕೆ ಬಿಡಬೇಕು. ಮುಗಿದ ಮೇಲೆ ಇದ್ಯಾವುದೂ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಮೊದಲು ಕೈಬಿಡುವುದು ಇದನ್ನೇ.

ಬಂಡೆಯ ವಿಷಯದಲ್ಲಿ ಇನ್ನೊಂದು ಮೋಸವಿದೆ. ಮಣ್ಣಿನಿಂದ ಅರ್ಧ ಹೊರಬಂದ ಬಂಡೆಯೆಲ್ಲ ತಳಬಂಡೆಯಲ್ಲ. ಬಹಳಷ್ಟು ಕಡೆ ಅವು ಕೊಳೆತ ಕಲ್ಲುಮಣ್ಣಿನೊಳಗೆ ಕೂತ ಬಿಡಿ ಉಂಡೆಗಳು. ಸುತ್ತ ಹಾರೆ ಹಾಕಿ ನೋಡಿ, ಬಂಡೆಯ ತಳಕ್ಕೂ ಹಾರೆ ಇಳಿದರೆ ಅದು ಬಿಡಿ ಬಂಡೆ. 'ನ್ಯಾಚುರಲ್ ಲುಕ್' ಬರಲೆಂದು ಇಲ್ಲಿ ಬುಡದ ಮೂರು ಬಂಡೆ ಕಿತ್ತು ಲಾನಿನಲ್ಲಿ ಅಲಂಕಾರಕ್ಕಿಟ್ಟರು. ಇಳಿಜಾರನ್ನು ಹಿಡಿದಿದ್ದವೇ ಅವು. ನಿಜವಾದ ತಳಬಂಡೆಯಿದ್ದರೂ ನಿಶ್ಚಿಂತೆಯಿಲ್ಲ. ಓರೆ ಬಂಡೆಯ ಮೇಲೆ ತೆಳುವಾಗಿ ಮಣ್ಣು ಹರಡಿದರೆ ನೀರು ಎರಡರ ನಡುವೆ ಹರಿದು ಮಣ್ಣನ್ನು ಇಡಿಯಾಗಿ ಜಾರಿಸುತ್ತದೆ. ಅಂಥ ಕಡೆ ಬಂಡೆಯನ್ನು ಬಂಡೆಯಾಗಿಯೇ ಬಿಡುವುದು ಒಳ್ಳೆಯದು.

ಮನೆಯ ಹಿಂದೆ ಬರೆಯನ್ನು (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ) ನೆಟ್ಟಗೆ ಕಡಿಯಲು ಬಿಡಬೇಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಬೆರಳು ತೋರಿದ್ದು ಇಳಿಜಾರನ್ನು ಮನಬಂದಂತೆ ಕಡಿದದ್ದರತ್ತ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಕುಸಿದದ್ದೂ ಹೆದ್ದಾರಿ ಪಕ್ಕದ ಗುಡ್ಡವೇ. ಬರೆಯ ತುದಿಯಿಂದ 8-10 ಅಡಿ ಮೇಲೆ, ಒಂದೂವರೆ ಅಡಿ ಅಗಲ-ಆಳದ ಚರಂಡಿ ತೆಗೆದು, ಕಾಂಕ್ರೀಟ್ ಮಾಡಿ ನೀರನ್ನು ತೋಡಿಗೆ (ಹಳ್ಳಕ್ಕೆ) ಸೇರಿಸಿ. ಬರಿ ಮಣ್ಣಿನ ಚರಂಡಿ ಬಿಟ್ಟರೆ ನೀರನ್ನು ನೀವೇ ಬರೆಯೊಳಗೆ ಇಳಿಸಿದಂತೆ. ಇಂಗುಗುಂಡಿಯ ಮಾತು ಬಯಲುಸೀಮೆಗೆ ಸರಿ, ಕಡಿದ ಬರೆಯ ಮೇಲೆ ಅದು ಬೇಡವೇ ಬೇಡ.

ಗಿಡದ ಸರದಿ ಕೊನೆಗೆ. ಲಾನಿನ ಬೇರು ಕೆಲವೇ ಇಂಚು, ಅದು ಮಣ್ಣು ಹಿಡಿಯುವುದಿಲ್ಲ. ಲಾವಂಚವನ್ನು ಜೂನ್ ಆರಂಭದಲ್ಲಿ ಇಳಿಜಾರಿಗೆ ಅಡ್ಡಲಾಗಿ ಸಾಲು ಹಿಡಿದು, ಸಸಿಗೆ ಸಸಿ ಅರ್ಧ ಅಡಿ ಅಂತರದಲ್ಲಿ ನೆಡಿ; ಎತ್ತರದಲ್ಲಿ ಮೂರರಿಂದ ಆರು ಅಡಿಗೊಂದು ಸಾಲು. ನೆರಳಿನಲ್ಲಿ ಅದು ಸೊರಗುತ್ತದೆ. ಬೀಳುವ ಗೋಡೆಯನ್ನೂ ಲಾವಂಚ ತಡೆಯುತ್ತದೆಂದು ಮಾರುವವರಿದ್ದಾರೆ, ನಂಬಬೇಡಿ.

ಕೊಟೇಶನ್‌ನಲ್ಲಿ ಪಾಯದ ಆಳ, ಬುಡದ ಅಗಲ, ಜಲ್ಲಿ ಎಷ್ಟು ಲೋಡು, ಪೈಪು ಎಷ್ಟು, ನೀರು ಕೊನೆಗೆ ಎಲ್ಲಿ ಬೀಳುತ್ತದೆ ಎಂಬುದಿಲ್ಲದೆ ಬರೀ 'ಲ್ಯಾಂಡ್‌ಸ್ಕೇಪಿಂಗ್, ಲಂಪ್‌ಸಮ್' ಎಂದಿದ್ದರೆ ಸಹಿ ಹಾಕಬೇಡಿ. 10 ಅಡಿ ಗೋಡೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಕೊಟ್ಟ ನಕ್ಷೆ ಬೇಕೇ ಬೇಕು. ಹಿಂದಿನ ಜಲ್ಲಿ ತುಂಬುವ ದಿನ ಸ್ಥಳದಲ್ಲೇ ನಿಂತು ಫೋಟೊ ತೆಗೆಯಿರಿ. ಬಾಕಿ ಹಣದ ಒಂದು ಭಾಗವನ್ನು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಕರಾರಿನಲ್ಲೇ ಬರೆಸಿ.

ಈಗಾಗಲೇ ಗೋಡೆ ಕಟ್ಟಿಸಿದವರು ಇಷ್ಟು ಗಮನಿಸಿ. ಅಂಚಿಗೆ ಸಮಾನಾಂತರವಾಗಿ ಲಾನು ಬಿರಿಯುವುದು, ಗೋಡೆ ಹೊಟ್ಟೆ ಉಬ್ಬುವುದು, ಪೈಪಿನಲ್ಲಿ ಕೆಂಪು ನೀರು ಬರುವುದು, ಸುರಿಯುವ ಮಳೆಯಲ್ಲೂ ಪೈಪು ಒಣಗಿರುವುದು, ಬುಡದಲ್ಲಿ ಹೊಸದಾಗಿ ಜಲ ಏಳುವುದು. ಇಲ್ಲಿ ಲಾನು ಒಂದಿಂಚು ಬಾಯಿಬಿಟ್ಟಾಗ ಮಣ್ಣು ತುಂಬಿ ಮುಚ್ಚಿ, ಮೇಲೆ ಮತ್ತೆ ಹುಲ್ಲು ಹಾಸಿದ್ದರು. ಬಿರುಕು ಕಂಡರೆ ಟಾರ್ಪಾಲು ಹೊದಿಸಿ, ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಿ, ಗೋಡೆಯ ಕೆಳಗಿನ ಮನೆಯವರಿಗೆ ಆಗಲೇ ಹೇಳಿ. ಬುಡದಲ್ಲಿ ಜಾರಿ ಬಿದ್ದ ಮಣ್ಣನ್ನು ತೆಗೆಸಲು ಮಳೆ ನಿಂತು ನೆಲ ಒಣಗುವವರೆಗೆ ಜೆಸಿಬಿ ಕರೆಸಬೇಡಿ, ಉಳಿದದ್ದನ್ನು ಹಿಡಿದು ನಿಲ್ಲಿಸಿರುವುದು ಆ ಮಣ್ಣೇ.