ರಿಫರ್ಬಿಶ್ಡ್ ಥಿಂಕ್‌ಪ್ಯಾಡ್ ಟಿ480: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಲೀಸ್ ಮುಗಿದ ಲ್ಯಾಪ್‌ಟಾಪ್‌ಗಳನ್ನು ಬೆಂಗಳೂರಿನ ಐಟಿ ಕಂಪನಿಗಳು ರಾಶಿಗಟ್ಟಲೆ ಹೊರಹಾಕುತ್ತವೆ. ಎಸ್.ಪಿ. ರಸ್ತೆಯಲ್ಲಿ ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿ ಮತ್ತೆ ಮಾರುವುದು) ಎಂದು ಸಿಗುವುದು ಬಹುಮಟ್ಟಿಗೆ ಅಂಥವೇ. ಅವುಗಳಲ್ಲಿ ಲೆನೊವೊ ಕಂಪನಿಯ 2018ರ ಥಿಂಕ್‌ಪ್ಯಾಡ್ ಟಿ480 ಆರಿಸಿ ತೆಗೆದುಕೊಳ್ಳಬೇಕಾದ ಮಾದರಿ. ಆಫೀಸ್ ಕೆಲಸ, ಕೋಡಿಂಗ್, ಮಕ್ಕಳ ಓದು, ವಿಡಿಯೊ ಕರೆ ಇವಕ್ಕೆಲ್ಲ ಇವತ್ತಿಗೂ ಸಾಕು. ದುಡ್ಡು ಉಳಿಯುತ್ತದೆ ನಿಜ, ಆದರೆ ಇದನ್ನು ಕೊಳ್ಳಲು ಅದಕ್ಕಿಂತ ದೊಡ್ಡ ಕಾರಣವಿದೆ.

ಲ್ಯಾಪ್‌ಟಾಪ್ ಪರಿಸರಕ್ಕೆ ಮಾಡುವ ಹಾನಿಯ ಬಹುಪಾಲು ನೀವು ಡಬ್ಬಿ ತೆರೆಯುವ ಮುಂಚೆಯೇ ಆಗಿಹೋಗಿರುತ್ತದೆ. ಹೊಸ ಲ್ಯಾಪ್‌ಟಾಪ್ ಒಂದರ ತಯಾರಿಕೆಗೆ ಸುಮಾರು 200 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಹೊರಬೀಳುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಪ್ಲಾಸ್ಟಿಕ್ ಹೊದಿಕೆಯ ಪಾಲು ಕಡಿಮೆ, ಚಿಪ್, ಮದರ್‌ಬೋರ್ಡ್, ಡಿಸ್‌ಪ್ಲೇಗಳದ್ದೇ ಹೆಚ್ಚು. ಚಿಪ್ ಕಾರ್ಖಾನೆಯಲ್ಲಿ ಪದರ ಕೂರಿಸುವ ಕೋಣೆಗಳನ್ನು ತೊಳೆಯಲು ನೈಟ್ರೋಜನ್ ಟ್ರೈಫ್ಲೋರೈಡ್ ಬಳಸುತ್ತಾರೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 17,000 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಹೊರಹೋಗುವ ಅನಿಲವನ್ನು ಸುಡುವ ವ್ಯವಸ್ಥೆ ಇದ್ದರೂ ಸ್ವಲ್ಪ ತಪ್ಪಿಸಿಕೊಳ್ಳುತ್ತದೆ. ಕಡೆಗೆ ರೀಸೈಕಲ್ ಮಾಡಿದರೆ ತಾಮ್ರ, ಚಿನ್ನ, ಅಲ್ಯೂಮಿನಿಯಂ ಮರಳಿ ಸಿಗಬಹುದು. ಚಿಪ್ ಮಾಡಲು ಸುರಿದ ವಿದ್ಯುತ್ತು, ಶುದ್ಧೀಕರಿಸಿದ ನೀರು ಮಾತ್ರ ಸಿಗುವುದಿಲ್ಲ.

ಹಳೆಯದು ಕರೆಂಟ್ ಜಾಸ್ತಿ ತಿನ್ನುವುದಿಲ್ಲವೇ ಎಂದು ಕೇಳುವವರು ಈ ಲೆಕ್ಕ ನೋಡಲಿ. ಟಿ480 ಸರಾಸರಿ 15 ವ್ಯಾಟ್ ಎಳೆಯುತ್ತದೆ ಎನ್ನಿ, ಹೊಸದು 7.5 ವ್ಯಾಟ್. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಬಳಸಿದರೆ ವ್ಯತ್ಯಾಸ 18 ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್‌ನಂತೆ ಹಿಡಿದರೆ ವರ್ಷಕ್ಕೆ 13 ಕೆಜಿಯೂ ಆಗುವುದಿಲ್ಲ. ಹೊಸದರ 200 ಕೆಜಿ ಸರಿದೂಗಲು 15 ವರ್ಷಕ್ಕೂ ಹೆಚ್ಚು ಬೇಕು. ಡೆಸ್ಕ್‌ಟಾಪ್‌ನ ಕಥೆ ಬೇರೆ. ದಿನಕ್ಕೆ 10 ಗಂಟೆ ಓಡುತ್ತಾ ಹೊಸದಕ್ಕಿಂತ 80 ವ್ಯಾಟ್ ಹೆಚ್ಚು ಎಳೆಯುವ ಹಳೇ ಡೆಸ್ಕ್‌ಟಾಪ್ ಇದ್ದರೆ ಬದಲಿಸುವುದೇ ಸರಿ, ವರ್ಷ ಸ್ವಲ್ಪ ದಾಟುವಷ್ಟರಲ್ಲಿ ಲೆಕ್ಕ ಸರಿಹೋಗುತ್ತದೆ.

ಅಂಗಡಿಯಲ್ಲಿ ಮೊದಲು ಮಾದರಿಯ ಹೆಸರು ಓದಿ. ಟಿ470 ನೋಡಲು ಹೆಚ್ಚುಕಡಿಮೆ ಹೀಗೇ ಇರುತ್ತದೆ, ಆದರೆ ಅದರದ್ದು ಎರಡು ಕೋರ್‌ನ ಪ್ರೊಸೆಸರ್, ವಿಂಡೋಸ್ 11ರ ಬೆಂಬಲವೂ ಇಲ್ಲ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಟಿ470 ಕೊಂಡರೆ ಲಿನಕ್ಸ್ ಹಾಕಬೇಕಾಗುತ್ತದೆ. ಟಿ480ಯ ಎಂಟನೇ ತಲೆಮಾರಿನ ಐ5ಗೆ ಈ ತೊಂದರೆ ಇಲ್ಲ. ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡುತ್ತಲೇ ಎಫ್1 ಒತ್ತಿ ಬಯಾಸ್‌ಗೆ, ಅಂದರೆ ಯಂತ್ರದ ಮೂಲ ಸೆಟ್ಟಿಂಗ್ ಪರದೆಗೆ, ಹೋಗಿ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟು ಬನ್ನಿ, ಅದನ್ನು ತೆಗೆಸುವುದು ಸುಲಭವಲ್ಲ. ಸ್ಕ್ರೀನ್ 1366×768 ಆಗಿದ್ದರೆ ಬೇಡ, ಫುಲ್ ಎಚ್‌ಡಿ ಐಪಿಎಸ್ ಇರುವುದನ್ನೇ ಕೇಳಿ. ಪ್ರತ್ಯೇಕ ಗ್ರಾಫಿಕ್ಸ್ ಇರುವ ಎಂಎಕ್ಸ್150 ಆವೃತ್ತಿ ಹೆಚ್ಚು ಬಿಸಿಯಾಗುತ್ತದೆ, ಸಾಮಾನ್ಯ ಬಳಕೆಗೆ ಅದರ ಅಗತ್ಯವೂ ಇಲ್ಲ.

ಎರಡೂ ಟೈಪ್-ಸಿ ಪೋರ್ಟ್‌ಗೆ ಒಂದೊಂದಾಗಿ ಚಾರ್ಜರ್ ಹಾಕಿ ನೋಡಲೇಬೇಕು. ಇವುಗಳಲ್ಲೊಂದು ಥಂಡರ್‌ಬೋಲ್ಟ್ ಎಂಬ ವೇಗದ ಪೋರ್ಟ್. ಅದರ ಹಳೇ ಫರ್ಮ್‌ವೇರ್‌ನಲ್ಲಿ (ಒಳಗಿನ ತಂತ್ರಾಂಶದಲ್ಲಿ), ಕಂಟ್ರೋಲರ್‌ನ ಪುಟ್ಟ ಫ್ಲ್ಯಾಶ್ ಚಿಪ್‌ಗೆ ಮಾಹಿತಿ ಬರೆಯುತ್ತಾ ಹೋಗಿ ಅದು ತುಂಬಿಬಿಡುವ ದೋಷವಿತ್ತು. ತುಂಬಿದರೆ ಪೋರ್ಟ್‌ನಲ್ಲಿ ಚಾರ್ಜಿಂಗ್ ನಿಲ್ಲಬಹುದು, ಹೊರಗಿನ ಮಾನಿಟರ್ ಬರದೇ ಹೋಗಬಹುದು. ಇದಕ್ಕೆ ಕಂಪನಿ ಅಪ್‌ಡೇಟ್ ಕೊಟ್ಟಿದೆ, ಕೊಂಡ ದಿನವೇ ಹಾಕಿ. ಈಗಾಗಲೇ ಕೆಟ್ಟಿದ್ದರೂ ಮದರ್‌ಬೋರ್ಡ್ ಬದಲಿಸಬೇಕಾಗಿಲ್ಲ, ಚಿಪ್-ಲೆವೆಲ್ ರಿಪೇರಿ ಮಾಡುವವರು ಪ್ರೋಗ್ರಾಮರ್ ಎಂಬ ಉಪಕರಣ ಹಚ್ಚಿ ಆ ಫ್ಲ್ಯಾಶ್ ಚಿಪ್ ಅನ್ನು ಹೊಸದಾಗಿ ಬರೆದುಕೊಡುತ್ತಾರೆ. ಇಷ್ಟಕ್ಕಾಗಿ ಇಡೀ ಬೋರ್ಡ್ ಕಸಕ್ಕೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇದರ ಬ್ಯಾಟರಿ ವ್ಯವಸ್ಥೆ ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕಾಣಸಿಗುವುದಿಲ್ಲ. ಒಳಗೆ 24 ವ್ಯಾಟ್-ಅವರ್‌ನದೊಂದು, ಹಿಂದೆ ಕಳಚಬಹುದಾದ ಇನ್ನೊಂದು. ಹಿಂದಿನದು 24, 48, 72 ಹೀಗೆ ಮೂರು ಅಳತೆಗಳಲ್ಲಿ ಬರುತ್ತದೆ. ಲ್ಯಾಪ್‌ಟಾಪ್ ಆಫ್ ಮಾಡದೆಯೇ ಹಿಂದಿನದನ್ನು ಬದಲಿಸಬಹುದು. ಮಾರುಕಟ್ಟೆಯಲ್ಲಿ ನಕಲಿ ಹೇರಳ, ಲೇಬಲ್ ನಂಬಬೇಡಿ. ವಿಂಡೋಸ್ ಕೊಡುವ ಬ್ಯಾಟರಿ ರಿಪೋರ್ಟ್‌ನಲ್ಲಿ ಕಾಣುವ ಸಾಮರ್ಥ್ಯವೂ ನಕಲಿಯಲ್ಲಿ ಸುಳ್ಳಾಗಿರಬಹುದು. ಪೂರ್ತಿ ಚಾರ್ಜ್ ಮಾಡಿ, ಹೊಳಪು ಬದಲಿಸದೆ ಹಗುರ ಕೆಲಸದಲ್ಲಿ ಖಾಲಿ ಮಾಡಿ ನೋಡಿ. 8 ವ್ಯಾಟ್ ಬಳಕೆಯಲ್ಲಿ 72ರದ್ದು ಒಂದೇ 9 ಗಂಟೆ ಬರಬೇಕು, ನಾಲ್ಕಕ್ಕೇ ಮುಗಿದರೆ ವಾಪಸ್ ಕೊಡಿ. ಯಾವಾಗಲೂ ಚಾರ್ಜರ್ ಹಾಕಿಟ್ಟೇ ಕೆಲಸ ಮಾಡುವವರು ಚಾರ್ಜಿಂಗ್ ಮಿತಿಯನ್ನು ಶೇಕಡಾ 80ಕ್ಕೆ ನಿಲ್ಲಿಸಿ. ಸದಾ ನೂರರಲ್ಲಿ, ಅದೂ ಬಿಸಿಯಲ್ಲಿ ಇಟ್ಟ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ. ಟಚ್‌ಪ್ಯಾಡ್ ಸುತ್ತಮುತ್ತ ಮೇಲೆದ್ದಂತೆ ಕಂಡರೆ ಒಳಗಿನ ಬ್ಯಾಟರಿ ಉಬ್ಬಿದೆ ಎಂದರ್ಥ, ಅದನ್ನು ಮತ್ತೆ ಚಾರ್ಜ್ ಮಾಡಬೇಡಿ.

ಒಳಗೆ ಕೈಹಾಕುವ ಮುನ್ನ ಬಯಾಸ್‌ನ ಪವರ್ ವಿಭಾಗದಲ್ಲಿ ಒಳಬ್ಯಾಟರಿಯನ್ನು ಡಿಸೇಬಲ್ ಮಾಡಿ, ಹಿಂದಿನದನ್ನು ಕಳಚಿ. ಕೆಳಮುಚ್ಚಳಕ್ಕೆ ಆರು ಸ್ಕ್ರೂ, ಸಡಿಲಿಸಿದರೂ ಮುಚ್ಚಳದಲ್ಲೇ ಉಳಿಯುತ್ತವೆ. ಆಮೇಲೆ ಪ್ಲಾಸ್ಟಿಕ್ ಕಾರ್ಡಿನಿಂದ ಅಂಚು ಬಿಡಿಸಿ, ಲೋಹದ ಸ್ಕ್ರೂಡ್ರೈವರ್ ತೂರಿಸಿದರೆ ಕ್ಲಿಪ್ ಮುರಿಯುತ್ತದೆ. ನಮ್ಮೂರಿನ ಧೂಳಿಗೆ ವರ್ಷಕ್ಕೊಮ್ಮೆ ಫ್ಯಾನ್ ಶುಚಿ ಮಾಡಲೇಬೇಕು, ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಶ್ ಆಡಿಸಿ. ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ, 8 ಜಿಬಿ ಇದ್ದರೆ ಇನ್ನೊಂದು 8 ಸೇರಿಸಿ. ಎಸ್‌ಎಸ್‌ಡಿ 512 ಜಿಬಿ ಸಾಕು. ಮೆಮೊರಿ ಚಿಪ್ ತಯಾರಿಕೆಯೂ ಹಗುರದ್ದಲ್ಲ, ಬೇಡದ ಟೆರಾಬೈಟ್ ತುಂಬಿಕೊಂಡರೆ ಹಳೆಯದನ್ನು ಕೊಂಡು ಉಳಿಸಿದ್ದರಲ್ಲಿ ಒಂದಷ್ಟು ಅಲ್ಲೇ ಹೋಗುತ್ತದೆ.

4ಕೆ ವಿಡಿಯೊ ಎಡಿಟಿಂಗ್, ಹೊಸ ಆಟಗಳು ಇದರ ಕೈಲಾಗದ ಕೆಲಸ. ಸ್ಪೀಕರ್ ಕೂಡ ಸಾಧಾರಣ.

ಬದಲಿಸಿದ ಹಳೇ ಬ್ಯಾಟರಿಯನ್ನು ಒಣಕಸಕ್ಕೆ ಹಾಕಬೇಡಿ, ಕಸದ ಗಾಡಿಯಲ್ಲಿ ಅದುಮಿದರೆ ಬೆಂಕಿ ಹತ್ತಬಹುದು. ಟರ್ಮಿನಲ್‌ಗಳ ಮೇಲೆ ಟೇಪ್ ಅಂಟಿಸಿ ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೇ ಕೊಡಿ. ಬೆಂಗಳೂರು ಬಳಿಯ ದಾಬಸ್‌ಪೇಟೆಯಲ್ಲಿ 2005ರಿಂದಲೇ ಅಧಿಕೃತ ಇ-ತ್ಯಾಜ್ಯ ಘಟಕವಿದೆ. ಗುಜರಿಗೆ ಹೋದ ಬೋರ್ಡ್‌ನಿಂದ ಚಿನ್ನ ತೆಗೆಯಲು ಆಸಿಡ್ ಸುರಿಯುತ್ತಾರೆ, ತಂತಿ ಸುಟ್ಟು ತಾಮ್ರ ಬಿಡಿಸುತ್ತಾರೆ. ಕೊಟ್ಟಿದ್ದಕ್ಕೆ ರಸೀದಿ ಕೇಳಿ ಪಡೆಯಿರಿ.