ಸೈಡ್ ರೇಡಿಯೇಟರ್ ಹೊಸದು ಹಾಕಿದ್ದೇವೆ ಅಂದರೆ ನಂಬಬೇಡಿ, ಬಗ್ಗಿ ನೋಡಿ

ಮೈಸೂರು, ಮಂಡ್ಯ ಕಡೆ ಹಳೇ ಟರ್ಬೊ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗ್ಯಾರೇಜಿನ ಹೆಸರು ಬರೆಯುತ್ತಿಲ್ಲ. ದೂರು ಕೊಟ್ಟಾಗಿದೆ, ಅದು ಮುಗಿಯುವ ತನಕ ಹೆಸರು ಬೇಡ ಅಂದಿದ್ದಾರೆ ವಕೀಲರು. ಆದರೆ ನಡೆದದ್ದನ್ನು ಹೇಳದೆ ಇರಲು ನನ್ನಿಂದ ಆಗುತ್ತಿಲ್ಲ.

ನನ್ನದು 2008ರ ಬಿಎಂಡಬ್ಲ್ಯು 335ಐ. ಮೂರು ಲೀಟರ್, ಆರು ಸಿಲಿಂಡರ್, ಎರಡು ಟರ್ಬೊ, ಆಟೊಮ್ಯಾಟಿಕ್. ಇದಕ್ಕೆ ಎಂಜಿನ್ನಿನ ನೀರು ತಣಿಸಲು ಮುಂದಿನ ದೊಡ್ಡ ರೇಡಿಯೇಟರ್ ಒಂದೇ ಸಾಲದು. ಬಂಪರಿನ ಒಂದು ಮೂಲೆಯಲ್ಲಿ, ಚಕ್ರದ ಮುಂದೆ, ಸಣ್ಣದೊಂದು ರೇಡಿಯೇಟರ್ ಬೇರೆ ಇದೆ, ಅದನ್ನೇ ಸೈಡ್ ಅಥವಾ ಆಕ್ಸಿಲರಿ ರೇಡಿಯೇಟರ್ ಅನ್ನುವುದು. ಇನ್ನೊಂದು ಮೂಲೆಯಲ್ಲಿ ಆಯಿಲ್ ಕೂಲರ್. ಈ ಸಣ್ಣ ರೇಡಿಯೇಟರ್ ನೆಲಕ್ಕೆ ಹತ್ತಿರ ಇರುವುದರಿಂದ ಕಲ್ಲು, ಕೆಸರು ಎಲ್ಲ ಅದಕ್ಕೇ ಬಡಿಯುತ್ತದೆ. ಇಷ್ಟು ವರ್ಷ ಆದ ಮೇಲೆ ಸೋರುವುದು ಸಹಜ. ನನ್ನದೂ ಸೋರುತ್ತಿತ್ತು. ಅಲ್ಲಿಯವರೆಗೆ ಗ್ಯಾರೇಜಿನವರು ಹೇಳಿದ್ದೆಲ್ಲ ನಿಜವೇ.

ಒರಿಜಿನಲ್ ಪಾರ್ಟ್ ಹೊರಗಿನಿಂದ ತರಿಸಬೇಕು ಅಂದರು. ಅಡ್ವಾನ್ಸ್ ಕೊಟ್ಟೆ. ಆಮೇಲೆ ಗೊತ್ತಲ್ಲ, ಫೋನ್ ಮಾಡಿದಾಗಲೆಲ್ಲ 'ಕಸ್ಟಮ್ಸ್‌ನಲ್ಲಿದೆ ಸಾರ್'. ಕೊನೆಗೆ ಕಾರು ತೊಳೆದು, ಪಾಲಿಶ್ ಮಾಡಿ ಕೊಟ್ಟರು. ಬಿಲ್‌ನಲ್ಲಿ 'ಆಕ್ಸಿಲರಿ ರೇಡಿಯೇಟರ್, 1' ಅಂತ ಸ್ಪಷ್ಟವಾಗಿ ಇದೆ. 38,500 ರೂಪಾಯಿ. ಲೇಬರ್ ಬೇರೆ. ಹಳೇದು ಕೊಡಿ ಅಂದೆ. 'ಅಯ್ಯೋ, ಹುಡುಗ್ರು ಗುಜರಿಗೆ ಹಾಕ್ಬಿಟ್ರು ಸಾರ್' ಅಂದರು.

ಸೋರುವುದು ನಿಂತಿತ್ತು. ನಿಲ್ಲದೆ ಇನ್ನೇನು!

ಏಪ್ರಿಲ್‌ನಲ್ಲಿ ಅಮ್ಮನನ್ನು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೊರಟಿದ್ದೆ. ಮಟಮಟ ಮಧ್ಯಾಹ್ನ, ಎಸಿ ಆನ್, ಮುಂದೆ ಬಸ್ಸು. ಆಯಿಲ್ ಬಿಸಿ ತೋರಿಸುವ ಮುಳ್ಳು 120 ಡಿಗ್ರಿ ದಾಟಿತು, ಏರುತ್ತಲೇ ಹೋಯಿತು. ಆಮೇಲೆ ಎಚ್ಚರಿಕೆ ದೀಪ, ಪವರ್ ಕಟ್. ರಸ್ತೆ ಪಕ್ಕ ನಿಲ್ಲಿಸಿ, ಅಮ್ಮನನ್ನು ಆ ಬಿಸಿಲಲ್ಲಿ ನಿಲ್ಲಿಸಿಕೊಂಡು ನಿಂತೆ. ಹೋಗುವವರೆಲ್ಲ ಇಷ್ಟು ದೊಡ್ಡ ಕಾರು ಹೀಗೆ ನಿಂತಿದೆಯಲ್ಲ ಅಂತ ನೋಡಿಕೊಂಡು ಹೋಗುತ್ತಿದ್ದರು. ಅವತ್ತಿನ ಅವಮಾನ ಇನ್ನೂ ಹೋಗಿಲ್ಲ.

ಟೋ ಮಾಡಿಸಿ ಮಂಡ್ಯದಲ್ಲಿ ಸ್ನೇಹಿತ ಹೇಳಿದ ಮೆಕ್ಯಾನಿಕ್ ಹತ್ತಿರ ತಂದೆ. ವಯಸ್ಸಾದವರು, ಮಾತು ಕಡಿಮೆ. ಚಕ್ರ ಬಿಚ್ಚಿದರು. ಚಕ್ರದ ಮೇಲಿನ ಕಮಾನಿನ ಒಳಗೆ ಹೊದಿಸಿರುವ ಪ್ಲಾಸ್ಟಿಕ್ ಲೈನರ್‌ನ 8 ಎಂಎಂ ಸ್ಕ್ರೂಗಳನ್ನು ಒಂದೊಂದೇ ಬಿಚ್ಚಿ, ಲೈನರ್ ಸರಿಸಿ, ಟಾರ್ಚ್ ಬಿಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನನ್ನೇ ಕೇಳಿದರು: 'ಸಾರ್, ರೇಡಿಯೇಟರ್ ಎಲ್ಲಿ?'

ಬಗ್ಗಿ ನೋಡಿದೆ. ಖಾಲಿ ಬ್ರಾಕೆಟ್. ಹಳೇ ರಬ್ಬರ್ ಬುಷ್‌ಗಳು ಹಾಗೇ ಇವೆ, ಮಣ್ಣು ಮೆತ್ತಿಕೊಂಡು. ಒಳಗೆ ಹೋಗುವ ಹೋಸು, ಹೊರಗೆ ಬರುವ ಹೋಸು, ಎರಡಕ್ಕೂ ನಡುವೆ ಗೇಣುದ್ದದ ಒಂದು ಪೈಪ್ ತುಂಡು ತುರುಕಿ ಎರಡು ಕ್ಲಿಪ್ ಬಿಗಿದಿದ್ದಾರೆ. ಅಷ್ಟೇ. 38,500 ರೂಪಾಯಿಗೆ ಒಂದು ಪೈಪ್ ತುಂಡು, ಎರಡು ಕ್ಲಿಪ್! ಕೈಕಾಲು ನಡುಗಿತು ನನಗೆ. ಅಷ್ಟು ತಿಂಗಳು ನಾನು ಅವರನ್ನು ನಾಲ್ಕು ಜನಕ್ಕೆ ಒಳ್ಳೆಯವರು ಅಂತ ಹೇಳಿಕೊಂಡು ಓಡಾಡಿದ್ದೇನೆ.

ಅಲ್ಲಿಂದಲೇ ಆ ಗ್ಯಾರೇಜಿಗೆ ಫೋನ್ ಮಾಡಿದೆ. ಮೊದಲ ಉತ್ತರ: 'ಇರ್ಲೇಬೇಕಲ್ಲ ಸಾರ್, ಸರಿಯಾಗಿ ನೋಡಿ.' ಫೋಟೊ ಕಳಿಸಿದೆ. ನೋಡಿದ್ದಾರೆ ಅನ್ನುವ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಮತ್ತೆ ಮಾಡಿದರೆ ರಾಗ ಬದಲು: 'ಅದು ಎಕ್ಸ್‌ಟ್ರಾ ಸಾರ್, ನಮ್ಮೂರಿಗೆ ಬೇಕಾಗಲ್ಲ. ಜರ್ಮನೀಲಿ ಇನ್ನೂರರಲ್ಲಿ ಹೋಗೋರಿಗೆ ಅದು.' ಹಾಗಾದರೆ ಬಿಲ್ ಯಾಕೆ ಮಾಡಿದಿರಿ? 'ಬಿಲ್ಲಲ್ಲಿ ಹುಡುಗಿ ತಪ್ಪು ಟೈಪ್ ಮಾಡಿದಾಳೆ.' ದುಡ್ಡು ತಗೊಂಡದ್ದೂ ಟೈಪಿಂಗ್ ತಪ್ಪಾ? ಅದಕ್ಕೆ ಸಿಕ್ಕ ಉತ್ತರ: 'ಬೇರೆ ಕಡೆ ಬಿಚ್ಚಿಸಿದೀರಲ್ಲ, ಅವ್ರೇ ತೆಗೆದಿರ್ಬಹುದು.' ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ ಆ ಹಿರಿಯರಿಗೆ ಅದು ಕೇಳಿಸಿತು. ನನಗೆ ಅದೇ ಜಾಸ್ತಿ ನೋವು.

ನಮ್ಮೂರಿಗೆ ಬೇಡವಂತೆ! ಬಿಸಿ ದೇಶಗಳಿಗೆ ಕಳಿಸುವ ಕಾರುಗಳಿಗೆ ಕಂಪನಿಗಳೇ ಕೂಲಿಂಗ್ ಹೆಚ್ಚಿಸಿ ಕಳಿಸುತ್ತವೆ. ಬೆಟ್ಟ ಹತ್ತುವಾಗ ಎಂಜಿನ್ ಮೇಲೆ ಭಾರ ಜಾಸ್ತಿ, ವೇಗ ಇಲ್ಲದೆ ನುಗ್ಗುವ ಗಾಳಿ ಕಡಿಮೆ. ಆ ಸಣ್ಣ ರೇಡಿಯೇಟರ್ ಬೇಕಾಗುವುದೇ ಅಂಥ ಕಡೆ. ಕೆಲವರು ಮುಂದೆ ದೊಡ್ಡ ರೇಡಿಯೇಟರ್ ಹಾಕಿಸಿ, ತಿಳಿದೇ ಇದನ್ನು ತೆಗೆಸುತ್ತಾರೆ. ಅದು ಅವರಿಷ್ಟ. ನನ್ನನ್ನು ಯಾರೂ ಕೇಳಲಿಲ್ಲ. ತೆಗೆದರು, ಹೊಸದರ ದುಡ್ಡೂ ತಗೊಂಡರು.

ಕೂಲಿಂಗ್ ನೀರಿನ ಪೈಪುಗಳಲ್ಲಿ ಸಿಕ್ಕಿಕೊಂಡ ಗಾಳಿ ಕೂಡ ಸರಿಯಾಗಿ ತೆಗೆದಿರಲಿಲ್ಲ. ಈ ಎಂಜಿನ್‌ನಲ್ಲಿ ವಾಟರ್ ಪಂಪ್ ಕರೆಂಟಿನದು. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ, ಫ್ಯಾನ್ ಕಡಿಮೆಗೆ ಇಟ್ಟು, ಆಕ್ಸಿಲರೇಟರ್ 10 ಸೆಕೆಂಡ್ ಒತ್ತಿ ಹಿಡಿದರೆ ಪಂಪ್ ತಾನೇ ಸುಮಾರು 12 ನಿಮಿಷ ಓಡಿ ಗಾಳಿ ಹೊರಗೆ ಹಾಕುತ್ತದೆ. ಮಂಡ್ಯದವರು ಹೊಸ ರೇಡಿಯೇಟರ್ ಕೂರಿಸಿ ನನ್ನ ಮುಂದೆಯೇ ಇದನ್ನು ಮಾಡಿದರು. ಹೊಸದರ ಡಬ್ಬ, ಅದರ ಮೇಲಿನ ಪಾರ್ಟ್ ನಂಬರ್, ಎರಡನ್ನೂ ನಾನು ಕೇಳುವ ಮೊದಲೇ ಕೈಗೆ ಕೊಟ್ಟರು.

ಹಳೇ ಪಾರ್ಟ್ ಕೈಗೆ ಬರುವ ತನಕ ಬಾಕಿ ದುಡ್ಡು ಕೊಡಬೇಡಿ. ಗುಜರಿಗೆ ಹೋಯಿತು ಅಂದರೆ ಅಲ್ಲೇ ಲೈನರ್ ಬಿಚ್ಚಿಸಿ. ಮುಖ ಸಿಂಡರಿಸಿದರೆ ಸಿಂಡರಿಸಲಿ. ಮೋಸ ಆಗಿದ್ದರೆ ಬಿಲ್, ಫೋಟೊ, ಮೆಸೇಜ್ ಯಾವುದನ್ನೂ ಅಳಿಸಬೇಡಿ. ಗ್ರಾಹಕರ ಸಹಾಯವಾಣಿ 1915. ನೀವು ಗ್ಯಾರೇಜಿಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರಿಗೆ ಶುಲ್ಕ ಇಲ್ಲ, 2 ವರ್ಷದೊಳಗೆ ಕೊಡಬೇಕು. ನನ್ನ ದುಡ್ಡು ಇನ್ನೂ ಬಂದಿಲ್ಲ. ಮೊನ್ನೆ ಗ್ಯಾರೇಜಿನವರ ಕಡೆಯಿಂದ ಫೋನ್ ಬಂದಿತ್ತು, ಅರ್ಧ ಕೊಡುತ್ತೇವೆ, ದೂರು ವಾಪಸ್ ತಗೊಳ್ಳಿ ಅಂತ. ಆಗಲ್ಲ ಅಂದೆ.